ಮರೆವಿಗೂ ಬಗೆಗಳುಂಟು

“ಅರವತ್ತಕ್ಕೆ ಅರಳು ಮರಳು” ಎಂಬ ಮಾತನ್ನು ಕೇಳದ ಕನ್ನಡಿಗರಿಲ್ಲ. ಮನೆಯ ಹಿರಿಯರು ಹೇಳಿದ್ದನ್ನೇ ಮತ್ತೆ ಹೇಳಿದರೆ, ಎಲೆಯಡಿಕೆಯ ಚೀಲವನ್ನು ಎಲ್ಲಿಟ್ಟೆನೆಂದು ಮನೆಯೆಲ್ಲ ಹುಡುಕಿದರೆ, ಕಿರಿಯರು ಈ ಗಾದೆಯನ್ನು ನೆನೆದು ನಕ್ಕು ಸುಮ್ಮನಾಗುತ್ತಾರೆ. ಗಾದೆಗೆ ಪ್ರಾಸವೇನೋ ಚೆನ್ನಾಗಿದೆ. ಆದರೆ ಲೆಕ್ಕ ಬೇರೆ ಮಾತು ಹೇಳುತ್ತದೆ. ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ ಸುಮಾರು 7.4 ಮಂದಿಗೆ ಡಿಮೆನ್ಶಿಯಾ ಎಂಬ ಮರೆಗುಳಿ ರೋಗವಿದೆಯೆಂದು 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆ ಅಂದಾಜು ಮಾಡಿತು. ಅಂದರೆ ಸುಮಾರು 88 ಲಕ್ಷ ಜನ. ಇದು ಸಣ್ಣ ಸಂಖ್ಯೆಯೇನೂ ಅಲ್ಲ. ಆದರೂ ಅದೇ ಲೆಕ್ಕವನ್ನು ತಿರುವಿ ನೋಡಿ: ನೂರರಲ್ಲಿ ತೊಂಬತ್ತೆರಡು ಮಂದಿಗೆ ಆ ರೋಗವಿಲ್ಲ. ಅರವತ್ತಾದ ಮಾತ್ರಕ್ಕೆ ಬುದ್ಧಿ ಅರಳು ಮರಳಾಗುವುದಿಲ್ಲ.

ಈ ಗಾದೆಯಿಂದ ಎರಡು ಬಗೆಯ ಹಾನಿಯುಂಟು. ಆರೋಗ್ಯವಾಗಿರುವ ಹಿರಿಯರು ಸುಮ್ಮಸುಮ್ಮನೆ ನಗೆಪಾಟಲಿಗೆ ಗುರಿಯಾಗುತ್ತಾರೆ. ಇದು ಚಿಕ್ಕ ಹಾನಿ. ನಿಜವಾಗಿ ರೋಗವಿರುವವರನ್ನು “ವಯಸ್ಸಾಯಿತು, ಇನ್ನೇನು ಮಾಡುವುದು” ಎಂದು ವೈದ್ಯರ ಬಳಿಗೆ ಕರೆದೊಯ್ಯದೆ ಇರುವುದು ದೊಡ್ಡ ಹಾನಿ. ಏಕೆಂದರೆ ಮರೆವಿನಲ್ಲಿ ಗುಣವಾಗುವಂಥದೂ ಉಂಟು, ಅಂದಿನ ದಿನವೇ ಚಿಕಿತ್ಸೆ ಬೇಕಾದುದೂ ಉಂಟು. ಆದುದರಿಂದ ವೈದ್ಯರು “ಮರೆವು ಇದೆಯೆ, ಇಲ್ಲವೆ” ಎಂದಷ್ಟೇ ಕೇಳಿ ತೃಪ್ತರಾಗುವುದಿಲ್ಲ. “ಯಾವ ಬಗೆಯ ಮರೆವು?” ಎಂದು ಕೇಳುತ್ತಾರೆ. ಆ ಬಗೆಯನ್ನು ಅವರು ಹೇಗೆ ಕಂಡುಹಿಡಿಯುತ್ತಾರೆ ಎಂಬುದನ್ನು ಈ ಹೊತ್ತು ಸ್ವಲ್ಪ ವಿಚಾರ ಮಾಡೋಣ.

ರಾಯಚೂರು ಜಿಲ್ಲೆಯ ಮಾನ್ವಿ ಸೀಮೆಯ ಬಾಗಲವಾಡದಿಂದ ಎಪ್ಪತ್ತೈದು ವರ್ಷದ ತಾಯಿಯೊಬ್ಬಳನ್ನು ಮಗ ರಾಯಚೂರಿನ ಆಸ್ಪತ್ರೆಗೆ ಕರೆತಂದನೆಂದು ಇಟ್ಟುಕೊಳ್ಳಿ. ವೈದ್ಯರು ಆಕೆಯನ್ನು ಕೂರಿಸಿಕೊಂಡು, “ಯಮ್ಮಾ, ಮುಂಜಾನೆ ಏನ್ ಉಂಡೀರಿ?” ಎಂದು ಕೇಳುತ್ತಾರೆ. “ರೊಟ್ಟಿ, ಪುಂಡಿಪಲ್ಲೆ ಉಂಡೀನಪ್ಪ” ಎನ್ನುತ್ತಾಳೆ ಆಕೆ, ಯಾವ ಅಳುಕೂ ಇಲ್ಲದೆ. ಪಕ್ಕದಲ್ಲಿದ್ದ ಮಗ, “ಇಲ್ರೀ ಡಾಕ್ಟರ್, ಇವತ್ತು ಉಪ್ಪಿಟ್ಟು ತಿಂದಾಳ್ರೀ” ಎನ್ನುತ್ತಾನೆ.

ಇಷ್ಟು ಮಾತಿನಲ್ಲಿಯೇ ವೈದ್ಯರಿಗೆ ಎರಡು ಸಂಗತಿ ತಿಳಿದವು. ಮೊದಲನೆಯದು, ರೋಗಿಯ ಮಾತಿನ ಜೊತೆಗೆ ಮನೆಯವರ ಮಾತೂ ಬೇಕು. ತಾನು ಏನನ್ನು ಮರೆತೆನೆಂಬುದು ಮರೆತವರಿಗೆ ಹೇಗೆ ಗೊತ್ತಾದೀತು? ಎರಡನೆಯದು, ಆ ತಾಯಿ ಸುಳ್ಳು ಹೇಳಲಿಲ್ಲ. ನೆನಪಿನಲ್ಲಿ ತೆರವಾದ ಜಾಗವನ್ನು ಆಕೆಯ ಮನಸ್ಸು ದಿನನಿತ್ಯದ ರೂಢಿಯಿಂದ ತುಂಬಿಕೊಂಡಿತು. ಇಂಥ ಮಾತನ್ನು ಹಿಡಿದು ತಾಯಿಯನ್ನು ಗದರಿಸುವ ಮಕ್ಕಳು ಎಷ್ಟೋ ಮಂದಿ ಇದ್ದಾರೆ. ಅದು ರೋಗದ ಲಕ್ಷಣವಿರಬಹುದೆಂದು ತಿಳಿದರೆ ಗದರಿಕೆ ತಾನಾಗಿ ನಿಲ್ಲುತ್ತದೆ.

ಮುಂದಿನ ಹೆಜ್ಜೆ ಬಹಳ ಸಾದಾ ಹೆಜ್ಜೆ. ಕಿವಿ ಕೇಳಿಸುತ್ತದೆಯೆ? ಕಣ್ಣು ಕಾಣಿಸುತ್ತದೆಯೆ? ಹೇಳಿದ ಮಾತು ಕಿವಿಗೇ ಬೀಳದಿದ್ದರೆ ಅದನ್ನು ಮರೆತರೆನ್ನುವುದು ನ್ಯಾಯವಲ್ಲ. ಆಮೇಲೆ ಗಮನದ ಪರೀಕ್ಷೆ. ವಾರದ ದಿನಗಳನ್ನು ಹಿಂದುಮುಂದಾಗಿ, ಶನಿವಾರದಿಂದ ಭಾನುವಾರದವರೆಗೆ ಹೇಳಿಸುತ್ತಾರೆ. ಇದರಲ್ಲಿ ರೋಗಿ ಪೂರ್ತಿ ತಬ್ಬಿಬ್ಬಾದರೆ, ಅದೂ ಎರಡು ದಿನಗಳಿಂದೀಚೆಗೆ ಈ ಸ್ಥಿತಿ ಬಂದು, ಹಗಲು ಒಂದಿಷ್ಟು ನೆಟ್ಟಗಿದ್ದು ರಾತ್ರಿ ಕೆರಳುವುದಾದರೆ, ವೈದ್ಯರು ನೆನಪಿನ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಅದು ಸನ್ನಿ. ಜ್ವರ, ಮೂತ್ರದ ಸೋಂಕು, ರಕ್ತದಲ್ಲಿ ಉಪ್ಪಿನ ಅಂಶದ ಇಳಿತ, ಹೊಸದಾಗಿ ಕೊಟ್ಟ ಯಾವುದೋ ಮಾತ್ರೆ—ಇವುಗಳಲ್ಲಿ ಯಾವುದಾದರೂ ಅದಕ್ಕೆ ಕಾರಣವಿರಬಹುದು. ಕಾರಣವನ್ನು ಸರಿಪಡಿಸಿದರೆ ಮನಸ್ಸು ಸಾಮಾನ್ಯವಾಗಿ ತಿಳಿಯಾಗುತ್ತದೆ.

ಗಮನ ಸರಿಯಾಗಿದೆಯೆಂದು ಗೊತ್ತಾದ ಮೇಲೆ ನೆನಪಿನ ಪರೀಕ್ಷೆ. ವೈದ್ಯರು ಕೆಲವು ಅಂಕಿಗಳನ್ನು ಹೇಳಿ ಹಾಗೆಯೇ ತಿರುಗಿ ಹೇಳಿಸುತ್ತಾರೆ. ಇದು ಆ ಕ್ಷಣದ ನೆನಪು. ಅಂಗೈಯಲ್ಲಿ ಹಿಡಿದ ನೀರಿನಂತೆ. ವಿಸ್ಮೃತಿಯಿರುವ ರೋಗಿಯೂ ಇದರಲ್ಲಿ ಎಷ್ಟೋ ಸಲ ತೇರ್ಗಡೆಯಾಗುತ್ತಾನೆ. ಆದುದರಿಂದ ಇಷ್ಟರಿಂದಲೇ ನೆನಪು ಚೆನ್ನಾಗಿದೆಯೆಂದು ತೀರ್ಮಾನಿಸುವಂತಿಲ್ಲ. ಬಳಿಕ ಸಂಬಂಧವಿಲ್ಲದ ಕೆಲವು ಮಾತುಗಳನ್ನು ಹೇಳಿಕೊಡುತ್ತಾರೆ: ಎತ್ತು, ಬಾವಿ, ಮಲ್ಲಿಗೆ, ಬುಟ್ಟಿ, ಬೆಲ್ಲ. ರೋಗಿ ಅವನ್ನು ಒಮ್ಮೆ ಸರಿಯಾಗಿ ಒಪ್ಪಿಸಿದ ಮೇಲೆ ಬೇರೆ ಮಾತಿಗೆ, ಬೇರೆ ಕೆಲಸಕ್ಕೆ ಮನಸ್ಸನ್ನು ತಿರುಗಿಸುತ್ತಾರೆ. ಇಪ್ಪತ್ತು ಮೂವತ್ತು ನಿಮಿಷ ಕಳೆದ ಮೇಲೆ, “ಆಗ ಹೇಳಿದ್ನೆಲ್ಲಾ ಯಮ್ಮಾ, ಯಾವ್ಯಾವ?” ಎಂದು ಕೇಳುತ್ತಾರೆ. ಪರೀಕ್ಷೆಯ ತಿರುಳು ಇರುವುದು ಈ ಅರ್ಧ ಗಂಟೆಯ ಅಂತರದಲ್ಲಿ.

ಹೇಳಲಾಗಲಿಲ್ಲವೆನ್ನಿ. ಆಗ ವೈದ್ಯರು ಸುಳುಹು ಕೊಡುತ್ತಾರೆ. “ಒಂದು ಹೂವಿನ ಹೆಸರಿತ್ತಲ್ಲ?” ಎನ್ನುತ್ತಾರೆ. ಅದಕ್ಕೂ ಆಗದಿದ್ದರೆ, “ಮಲ್ಲಿಗೆಯೋ, ಸೇವಂತಿಗೆಯೋ?” ಎಂದು ಎರಡನ್ನೂ ಮುಂದಿಡುತ್ತಾರೆ. ಸುಳುಹು ಸಿಕ್ಕೊಡನೆ ನೆನಪು ಬಂದರೆ ಅದರ ಅರ್ಥವೊಂದು, ಸುಳುಹು ಕೊಟ್ಟರೂ “ನೀವ್ ಯಾವಾಗ ಹೇಳಿದ್ರಿ?” ಎಂದರೆ ಅದರ ಅರ್ಥ ಇನ್ನೊಂದು.

ಈ ವ್ಯತ್ಯಾಸವನ್ನು ತಿಳಿಯಲು ರಾಯಚೂರು ಜಿಲ್ಲೆಯದೇ ಒಂದು ಹೋಲಿಕೆ ಉಂಟು. ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರು ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಇತ್ತು. 1915ರಲ್ಲಿ ಶಾಸನ ವಿದ್ವಾಂಸರ ಕಣ್ಣಿಗೆ ಬಿದ್ದಾಗ ಅದನ್ನು ಓದಿದರು. ಬರೆಹ ಅಳಿದಿರಲಿಲ್ಲ, ಅಲ್ಲಿಗೆ ಹೋಗಿ ಓದುವ ದಾರಿ ಮಾತ್ರ ತಪ್ಪಿತ್ತು. ಮನಸ್ಸು ಕುಗ್ಗಿದವರ ಮರೆವು, ಖಿನ್ನತೆಯ ಮರೆವು, ಅನೇಕ ವೇಳೆ ಇಂಥದು. ಬರೆಹ ಇದೆ, ತೆಗೆದು ಓದಲು ಶಕ್ತಿ ಸಾಲದು. ಸುಳುಹು ಕೊಟ್ಟರೆ ಹೊರಬರುತ್ತದೆ. ಆಲ್ಜೈಮರ್ ಕಾಯಿಲೆಯಲ್ಲಿ ಕಲ್ಲಿನ ಮೇಲೆ ಉಳಿಯ ಏಟೇ ಸರಿಯಾಗಿ ಬಿದ್ದಿರುವುದಿಲ್ಲ. ಓದಲು ಹೋದರೆ ಅಕ್ಷರವೇ ಇಲ್ಲ. ಆದುದರಿಂದ ಅಲ್ಲಿ ಸುಳುಹಿನಿಂದ ಹೆಚ್ಚು ಪ್ರಯೋಜನವಾಗುವುದಿಲ್ಲ.

ಹೊಸದನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳಲಾರದ ಸ್ಥಿತಿಗೆ ಮುಮ್ಮುಖ ವಿಸ್ಮೃತಿಯೆಂದೂ, ಹಿಂದೆ ಇದ್ದ ನೆನಪು ಅಳಿಸಿಹೋಗುವುದಕ್ಕೆ ಹಿಮ್ಮುಖ ವಿಸ್ಮೃತಿಯೆಂದೂ ಹೆಸರಿಡಬಹುದು. ಹಿಂದಿನ ನೆನಪನ್ನು ಪರೀಕ್ಷಿಸುವಾಗ ವೈದ್ಯರು ಕಾಲದ ಮೆಟ್ಟಲುಗಳನ್ನು ಒಂದೊಂದಾಗಿ ಇಳಿಯುತ್ತಾರೆ. ಮೊಮ್ಮಗನ ಮದುವೆ ಯಾವಾಗ ಆಯಿತು? 2009ರ ಪ್ರವಾಹದಲ್ಲಿ ಎಲ್ಲಿದ್ದಿರಿ? 1972ರ ಬರದಲ್ಲಿ ಏನು ಉಂಡಿರಿ? ತೌರುಮನೆಯ ಎತ್ತಿನ ಹೆಸರೇನು? ಎಷ್ಟೋ ರೋಗಿಗಳು ಬರದ ಕಥೆಯನ್ನು ಸವಿಸ್ತಾರವಾಗಿ ಹೇಳಿ, ಕಳೆದ ತಿಂಗಳ ಮದುವೆಯನ್ನು ಪೂರ್ತಿ ಮರೆತಿರುತ್ತಾರೆ. ಹೊಸ ನೆನಪು ಮೊದಲು ಹೋಗಿ ಹಳೆಯದು ಕೊನೆಯವರೆಗೆ ಉಳಿಯುವ ಈ ಕ್ರಮವನ್ನು ಫ್ರಾನ್ಸಿನ ರಿಬೋ ಎಂಬ ವಿದ್ವಾಂಸ 1881ರಲ್ಲಿಯೇ ಗ್ರಂಥರೂಪವಾಗಿ ವಿವರಿಸಿದ. “ಐವತ್ತು ವರ್ಷದ ಹಿಂದಿನದು ನೆನಪಿದೆ, ಇವರಿಗೆ ಎಲ್ಲಿಯ ಮರೆವು?” ಎಂದು ಮನೆಯವರು ಹೇಳುವುದುಂಟು. ಆ ಮಾತಿನಿಂದ ಮೋಸಹೋಗಬೇಡಿ. ಹಳೆಯದು ನೆನಪಿರುವುದು ಹೊಸದು ನಿಲ್ಲುತ್ತಿದೆಯೆಂಬುದಕ್ಕೆ ಸಾಕ್ಷಿಯಾಗುವುದಿಲ್ಲ.

ನೆನಪು ಒಂದೇ ಕಣಜದಲ್ಲಿ ತುಂಬಿಟ್ಟ ಧಾನ್ಯವಲ್ಲವೆಂಬುದು ಸ್ಪಷ್ಟವಾದದ್ದು ಅಮೆರಿಕದ ಒಬ್ಬ ರೋಗಿಯಿಂದ. ಹೆನ್ರಿ ಮೊಲೈಸನ್ ಎಂಬಾತನಿಗೆ ಚಿಕ್ಕಂದಿನಿಂದ ಮೂರ್ಛೆರೋಗವಿತ್ತು. 1953ರಲ್ಲಿ, ಆತನ 27ನೆಯ ವಯಸ್ಸಿನಲ್ಲಿ, ಮೆದುಳಿನ ಎರಡೂ ಕಪೋಲಭಾಗಗಳ ಒಳಮಗ್ಗುಲನ್ನು ಶಸ್ತ್ರಕ್ರಿಯೆಯಿಂದ ತೆಗೆದರು. ಕಡಲಕುದುರೆಯ ಆಕಾರದ ಹಿಪ್ಪೊಕ್ಯಾಂಪಸ್ ಎಂಬ ಭಾಗ ಇರುವುದು ಅಲ್ಲಿ. ಮೂರ್ಛೆ ಕಡಿಮೆಯಾಯಿತು, ಬುದ್ಧಿಯೂ ಮಾತೂ ಕೆಡಲಿಲ್ಲ. ಆದರೆ ಅಂದಿನಿಂದ 2008ರಲ್ಲಿ ತೀರಿಕೊಳ್ಳುವವರೆಗೆ ಆತ ಹೊಸ ಸಂಗತಿಯನ್ನು ಮನಸ್ಸಿನಲ್ಲಿ ಉಳಿಸಿಕೊಳ್ಳಲಾರದೆ ಹೋದ. ಆತನನ್ನು ದಶಕಗಳ ಕಾಲ ಪರೀಕ್ಷಿಸಿದ ಬ್ರೆಂಡಾ ಮಿಲ್ನರ್ ಅವರು, ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆ ಎಳೆಯುವ ಕೆಲಸವನ್ನು ಕೊಟ್ಟರು. ದಿನದಿಂದ ದಿನಕ್ಕೆ ಆತನ ಕೈ ಪಳಗಿತು. ಆದರೆ ಆ ಕೆಲಸವನ್ನು ಹಿಂದೆ ಮಾಡಿದ್ದೆನೆಂಬ ನೆನಪೇ ಆತನಿಗಿರಲಿಲ್ಲ. ಕೈಯ ನೆನಪು ಬೇರೆ, ಘಟನೆಯ ನೆನಪು ಬೇರೆ ಎಂದು ಇದರಿಂದ ಗೊತ್ತಾಯಿತು.

ಇದನ್ನು ಕಾಣಲು ನಾವು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಬೆಳಗಿನ ಊಟ ಮರೆತ ಅದೇ ತಾಯಿಗೆ ಜೋಳದ ಹಿಟ್ಟು ಕೊಟ್ಟರೆ, ಎಸರು ಹಾಕಿ ನಾದಿ ರೊಟ್ಟಿ ಬಡಿದಾಳು. ವಿಜಯದಾಸರು ಹುಟ್ಟಿದ ಚೀಕಲಪರ್ವಿ, ಜಗನ್ನಾಥದಾಸರು ಬಾಳಿದ ಮಾನ್ವಿ ಇರುವ ನಾಡಿನಲ್ಲಿ, ಮಗಳ ಹೆಸರಿಗೆ ತಡವರಿಸುವ ಅಜ್ಜಿ ಬಾಲ್ಯದಲ್ಲಿ ಕಲಿತ ದಾಸರ ಪದವನ್ನು ಪಲ್ಲವಿಯಿಂದ ಕೊನೆಯ ನುಡಿಯವರೆಗೆ ಹಾಡಿದರೆ ಅಚ್ಚರಿಪಡಬೇಕಾಗಿಲ್ಲ. ಅಂಥವರಿಗೆ ಉಳಿದಿರುವ ಶಕ್ತಿ ಯಾವುದೆಂಬುದನ್ನೂ ವೈದ್ಯರು ಗುರುತಿಸಿಕೊಳ್ಳುತ್ತಾರೆ. ಮನೆಯವರು ಮುಂದಿನ ದಿನಗಳನ್ನು ಕಳೆಯಬೇಕಾದದ್ದು ಅದನ್ನು ನೆಚ್ಚಿಕೊಂಡೇ ಅಲ್ಲವೆ?

ಇಷ್ಟು ಹೊತ್ತು ಹೇಳಿದ್ದು ಮೆಲ್ಲಮೆಲ್ಲನೆ ಬರುವ ಮರೆವಿನ ಮಾತು. ಥಟ್ಟನೆ ಬರುವ ಮರೆವೂ ಉಂಟು. ಅದನ್ನು ಅಳೆಯುವ ರೀತಿ ಬೇರೆ.

ಮೋಟಾರ್ ಸೈಕಲ್ಲಿನಿಂದ ಬಿದ್ದು ತಲೆಗೆ ಪೆಟ್ಟಾದವನನ್ನು ತೆಗೆದುಕೊಳ್ಳಿ. ಕಣ್ಣು ಬಿಟ್ಟು ಮಾತನಾಡುತ್ತಾನೆ. ಮನೆಯವರು ಗಂಡಾಂತರ ಕಳೆಯಿತೆಂದು ಹಿಗ್ಗುತ್ತಾರೆ. ಮರುದಿನ ಕೇಳಿದರೆ ನಿನ್ನೆ ಮಾತನಾಡಿದ್ದೇ ಅವನಿಗೆ ಗೊತ್ತಿಲ್ಲ. ನೆನಪು ಮತ್ತೆ ಎಡೆಬಿಡದೆ ಹರಿಯತೊಡಗಲು ಎಷ್ಟು ಹೊತ್ತು ಹಿಡಿಯಿತು ಎಂಬುದರ ಮೇಲೆ ಪೆಟ್ಟಿನ ತೀವ್ರತೆಯನ್ನು ಎಣಿಸುತ್ತಾರೆ. ಒಂದು ಗಂಟೆಯೊಳಗಾದರೆ ಸೌಮ್ಯ, ಒಂದು ದಿನದೊಳಗಾದರೆ ಮಧ್ಯಮ, ದಿನ ದಾಟಿದರೆ ತೀವ್ರ, ವಾರ ದಾಟಿದರೆ ಅತಿ ತೀವ್ರ ಎಂಬುದು ವೈದ್ಯರಲ್ಲಿ ಬಹುಕಾಲದಿಂದ ಬಂದ ಒಂದು ಅಳತೆ. ಇದಕ್ಕಾಗಿ ಆಸ್ಪತ್ರೆಯಲ್ಲಿ ದಿನವೂ ಅವೇ ಪ್ರಶ್ನೆಗಳನ್ನು ಕೇಳುತ್ತಾರೆ: ಎಲ್ಲಿದ್ದೀರಿ, ಯಾವ ದಿನ, ಪೆಟ್ಟಾಗುವ ಮೊದಲು ಕೊನೆಯದಾಗಿ ಏನು ನೆನಪಿದೆ, ಆದ ಮೇಲೆ ಮೊದಲು ಏನು ನೆನಪಿದೆ?

ಇನ್ನೊಂದು ಬಗೆ ನೋಡುವವರಿಗೆ ಬಹಳ ಗಾಬರಿ ಹುಟ್ಟಿಸುತ್ತದೆ. ಐವತ್ತರಿಂದ ಎಪ್ಪತ್ತು ವಯಸ್ಸಿನ ಒಬ್ಬರು, ಅದುವರೆಗೆ ಆರೋಗ್ಯವಾಗಿದ್ದವರು, “ನಾನು ಇಲ್ಲಿಗೆ ಹೇಗೆ ಬಂದೆ? ಏನು ನಡೆಯಿತು?” ಎಂದು ಕೇಳತೊಡಗುತ್ತಾರೆ. ಉತ್ತರ ಹೇಳಿದ ಎರಡೇ ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ. ತಮ್ಮ ಹೆಸರು ಗೊತ್ತು, ಮಕ್ಕಳ ಗುರುತು ಉಂಟು, ಕೈಕಾಲಿಗೆ ಬಲವುಂಟು. ಕೆಲವು ಗಂಟೆಗಳಲ್ಲಿ ಎಲ್ಲವೂ ಸರಿಹೋಗುತ್ತದೆ. ಇಪ್ಪತ್ತನಾಲ್ಕು ಗಂಟೆ ದಾಟುವುದಿಲ್ಲ. ಇದು ತಾತ್ಕಾಲಿಕ ಸರ್ವವಿಸ್ಮೃತಿ. ಇದನ್ನು ನಿರ್ಣಯಿಸಲು ಕಣ್ಣಾರೆ ಕಂಡ ಸಾಕ್ಷಿಯೊಬ್ಬರು ಬೇಕೇ ಬೇಕು. ಆದರೆ ಪಾರ್ಶ್ವವಾಯುವೋ ಮೂರ್ಛೆಯೋ ಈ ವೇಷದಲ್ಲಿ ಬಂದಿರಬಹುದಾದುದರಿಂದ, ತಾನಾಗಿ ಹೋದೀತೆಂದು ಮನೆಯಲ್ಲಿ ಕೂರದೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮೂರನೆಯದು ಕುಡಿತದಿಂದಲೂ ಪೋಷಣೆಯ ಕೊರತೆಯಿಂದಲೂ ಬರುವ ಮರೆವು. ರಷ್ಯದ ಕೊರ್ಸಕೋವ್ ಎಂಬ ವೈದ್ಯರು ಇದನ್ನು 1887ರಲ್ಲಿ ವರ್ಣಿಸಿದರು. ಬಿ-1 ಜೀವಸತ್ವ, ಅಂದರೆ ಥಯಮಿನ್, ದೇಹದಲ್ಲಿ ಬರಿದಾದಾಗ ನಡಿಗೆ ತೂರಾಡುತ್ತದೆ, ಕಣ್ಣಗುಡ್ಡೆ ಸರಿಯಾಗಿ ಹೊರಳುವುದಿಲ್ಲ, ಮನಸ್ಸು ಮಬ್ಬಾಗುತ್ತದೆ. “ಕುಡಿದಿದ್ದಾನೆ, ಮಲಗಿದರೆ ಸರಿಹೋಗುತ್ತಾನೆ” ಎಂದು ಬಿಟ್ಟರೆ ನೆನಪು ಶಾಶ್ವತವಾಗಿ ಹೋಗಬಹುದು. ಆ ಹೊತ್ತಿಗೇ ಥಯಮಿನ್ ಚುಚ್ಚುಮದ್ದು ಕೊಟ್ಟರೆ ಉಳಿಯಬಹುದು. ಎಂದೂ ಮದ್ಯ ಮುಟ್ಟದ ಬಸುರಿ ಹೆಂಗಸಿಗೂ ವಾರಗಟ್ಟಲೆ ವಾಂತಿಯಾಗಿ ಅನ್ನ ನಿಲ್ಲದಿದ್ದರೆ ಈ ಗಂಡಾಂತರ ಬರಬಹುದೆಂಬುದನ್ನು ತಾಯಂದಿರು ನೆನಪಿಡಬೇಕು.

ಇನ್ನು ಚಲನಚಿತ್ರದ ಮರೆವು. ತಲೆಗೆ ಏಟು ಬಿದ್ದು ನಾಯಕ ತನ್ನ ಹೆಸರನ್ನೇ ಮರೆಯುತ್ತಾನೆ. ಕೊನೆಯ ರೀಲಿನಲ್ಲಿ ಇನ್ನೊಂದು ಏಟು ಬಿದ್ದು ಎಲ್ಲವೂ ಮರಳುತ್ತದೆ. ಮೆದುಳಿನ ಪೆಟ್ಟು ಹೀಗೆ ನಡೆದುಕೊಳ್ಳುವುದಿಲ್ಲ. ಅಂಥ ರೋಗಿ ನಿನ್ನೆಯದನ್ನು ಮರೆತಾನು. ತನ್ನ ಹೆಸರನ್ನು ಮರೆಯುವುದು ಬಹಳ ಅಪರೂಪ. ಹೆಸರು, ಊರು, ಹೆಂಡತಿ ಮಕ್ಕಳು ಎಲ್ಲವನ್ನೂ ಮರೆತು, ಇವತ್ತು ಹೇಳಿಕೊಟ್ಟದ್ದನ್ನು ಮಾತ್ರ ಚೆನ್ನಾಗಿ ನೆನಪಿಡುವವರನ್ನು ಕಂಡಾಗ ವೈದ್ಯರು ಮನಸ್ಸಿನ ಕಡೆಗೆ ನೋಡುತ್ತಾರೆ. ತಡೆಯಲಾರದ ದುಃಖ, ಸಾಲ, ಅವಮಾನ ಅಥವಾ ಭೀತಿ ಒದಗಿದಾಗ ಮನಸ್ಸು ತನ್ನ ಬಾಗಿಲನ್ನು ತಾನೇ ಮುಚ್ಚಿಕೊಳ್ಳುವುದುಂಟು. ಇದು ನಟನೆಯಲ್ಲ. ಆದರೂ ಹಾಗೆಂದು ಹೇಳುವ ಮೊದಲು ಮೆದುಳಿನ ರೋಗವಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳುವುದು ವೈದ್ಯರ ಕರ್ತವ್ಯ.

ನಟನೆಯನ್ನು ಕಂಡುಹಿಡಿಯಲೂ ಒಂದು ಉಪಾಯವಿದೆ. ಇದು ನ್ಯಾಯಾಲಯದ ಮೊಕದ್ದಮೆಗಳಲ್ಲಿ ಬೇಕಾಗುತ್ತದೆ. ಐವತ್ತು ಚಿತ್ರಗಳನ್ನು ತೋರಿಸಿ, ಆಮೇಲೆ ಒಂದೊಂದಕ್ಕೂ ಜೊತೆಯಾಗಿ ಒಂದು ಹೊಸ ಚಿತ್ರವನ್ನಿಟ್ಟು, ಮೊದಲು ನೋಡಿದ್ದು ಯಾವುದೆಂದು ಕೇಳುತ್ತಾರೆ. ಏನೂ ನೆನಪಿಲ್ಲದವನು ಕಣ್ಣುಮುಚ್ಚಿ ಹೇಳಿದರೂ ಸುಮಾರು ಇಪ್ಪತ್ತೈದು ಸರಿಯಾಗಬೇಕು. ಐದೋ ಆರೋ ಮಾತ್ರ ಸರಿಯಾದರೆ, ಸರಿಯುತ್ತರ ಗೊತ್ತಿದ್ದೇ ಅವನು ತಪ್ಪಿಸುತ್ತಿದ್ದಾನೆಂದು ಅರ್ಥ.

ಈಗ ನಮ್ಮ ನಾಡಿಗೆ ವಿಶೇಷವಾಗಿ ಸಂಬಂಧಿಸಿದ ಒಂದು ತೊಡಕಿಗೆ ಬರೋಣ. ಈ ಪರೀಕ್ಷೆಗಳಲ್ಲಿ ಬಹಳಷ್ಟು ಹುಟ್ಟಿದ್ದು ಶಾಲೆ ಕಲಿತವರ ದೇಶಗಳಲ್ಲಿ. ಹೆಸರಾದ ಮೂವತ್ತು ಅಂಕಗಳ ಪರೀಕ್ಷೆಯೊಂದು 1975ರಲ್ಲಿ ಅಮೆರಿಕದಲ್ಲಿ ಹೊರಬಂದಿತು. ಅದರಲ್ಲಿ ಒಂದು ವಾಕ್ಯ ಬರೆಯಬೇಕು, ನೂರರಿಂದ ಏಳೇಳು ಕಳೆಯಬೇಕು, ಚಿತ್ರ ನೋಡಿ ಬರೆಯಬೇಕು. 2011ರ ಜನಗಣತಿಯಂತೆ ರಾಯಚೂರು ಜಿಲ್ಲೆಯಲ್ಲಿ ಓದುಬರೆಹ ಬಲ್ಲವರು ನೂರಕ್ಕೆ ಅರವತ್ತೂ ಇರಲಿಲ್ಲ. ಹೆಂಗಸರಲ್ಲಿ ಐವತ್ತೂ ಇರಲಿಲ್ಲ. ಎಂದೂ ಪೆನ್ಸಿಲ್ ಹಿಡಿಯದ ತಾಯಿಯ ಕೈಗೆ ಪೆನ್ಸಿಲ್ ಕೊಟ್ಟು, ಗಡಿಯಾರ ಬರೆಯಲಿಲ್ಲವೆಂದು ಅಂಕ ಕಳೆದರೆ ಅಳೆದದ್ದು ನೆನಪನ್ನಲ್ಲ, ಶಾಲೆಯನ್ನು.

ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಕೆಲಸ ಮಾಡಿದ ಸಂಶೋಧಕರು 1990ರ ದಶಕದಲ್ಲಿ ಈ ಪರೀಕ್ಷೆಯನ್ನು ಅಕ್ಷರ ಬಾರದವರಿಗೆ ಒಪ್ಪುವಂತೆ ಹಿಂದಿಯಲ್ಲಿ ತಿದ್ದಿದರು. ಏಳೇಳು ಕಳೆಯುವ ಬದಲು ವಾರದ ದಿನಗಳನ್ನು ಹಿಂದುಮುಂದಾಗಿ ಹೇಳಬೇಕು. ವಾಕ್ಯ ಬರೆಯುವ ಬದಲು ತಮ್ಮ ಮನೆಯ ಬಗ್ಗೆ ಒಂದು ಮಾತು ಹೇಳಬೇಕು. ಕನ್ನಡದಲ್ಲಿಯೂ ಇಂಥ ಕೆಲಸ ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಕನ್ನಡದ ರೋಗಿಗಳಿಗೆ ಒಪ್ಪುವ ಪರೀಕ್ಷೆಗಳನ್ನು ರೂಢಿಸಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ, 45 ದಾಟಿದ ಹತ್ತು ಸಾವಿರ ಮಂದಿಯನ್ನು ವರ್ಷಾನುಗಟ್ಟಲೆ ಪರೀಕ್ಷಿಸುವ ಗುರಿಯಿಟ್ಟುಕೊಂಡು ಕೆಲಸ ಕೈಗೊಂಡಿದ್ದಾರೆ. ಬಲ್ಲ ವೈದ್ಯರು ಬಾಗಲವಾಡದ ತಾಯಿಯನ್ನು “ಇವತ್ತು ತಾರೀಖೆಷ್ಟು?” ಎಂದು ಕೇಳಿ ಸುಮ್ಮನಾಗುವುದಿಲ್ಲ. “ಕಾರಹುಣ್ಣಿಮೆ ಆಯ್ತೋ, ಇನ್ನೂ ಬರಬೇಕೋ?” ಎಂದು ಕೇಳುತ್ತಾರೆ.

ಭಾಷೆಯ ವಿಷಯವೂ ಉಂಟು. ರಾಯಚೂರಿನ ಕಡೆ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಪೇಟೆಯಲ್ಲಿ ಉರ್ದು ಆಡುವವರು ಅನೇಕರು. ರೋಗಿಗೆ ಯಾವ ನುಡಿ ಹತ್ತಿರವೋ ಆ ನುಡಿಯಲ್ಲಿಯೇ ಪರೀಕ್ಷೆ ನಡೆಯಬೇಕು. ಹಲವು ನುಡಿಗಳ ಬಳಕೆಯಿಂದ ಲಾಭವೂ ಇರಬಹುದು. ಹೈದರಾಬಾದಿನ ನಿಜಾಮ್ ವೈದ್ಯಕೀಯ ಸಂಸ್ಥೆಯಲ್ಲಿ ಸುವರ್ಣ ಅಲ್ಲಾಡಿ ಅವರೂ ಸಂಗಡಿಗರೂ 648 ಡಿಮೆನ್ಶಿಯಾ ರೋಗಿಗಳನ್ನು ಅಭ್ಯಸಿಸಿ 2013ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಒಂದಕ್ಕಿಂತ ಹೆಚ್ಚು ಭಾಷೆಯಾಡುವವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅಕ್ಷರ ಬಾರದವರಲ್ಲಿಯೂ ಹೀಗೆಯೇ ಕಂಡಿತು. ಭಾಷೆ ರೋಗವನ್ನು ತಡೆಯುತ್ತದೆಂದು ಇದರ ಅರ್ಥವಲ್ಲ. ಮೆದುಳಿಗೆ ಅದೊಂದು ಒಳ್ಳೆಯ ಸಾಮು ಇರಬಹುದೆಂದಷ್ಟೇ ಹೇಳಬಹುದು.

ಪ್ರಶ್ನೋತ್ತರ ಮುಗಿದ ಮೇಲೆ ರಕ್ತಪರೀಕ್ಷೆ. ಥೈರಾಯ್ಡ್ ಗ್ರಂಥಿ ಮಂದವಾಗಿದ್ದರೆ ಮರೆವು ಬರುತ್ತದೆ. ಬಿ-12 ಜೀವಸತ್ವ ಕಡಿಮೆಯಾದರೂ ಬರುತ್ತದೆ. ಎರಡಕ್ಕೂ ಅಗ್ಗದ ಔಷಧ ಉಂಟು. ತಲೆಯ ಸ್ಕ್ಯಾನ್‌ನಲ್ಲಿ, ತಿಂಗಳ ಹಿಂದೆ ಜಾರಿ ಬಿದ್ದಾಗ ಆದ ಪೆಟ್ಟಿನಿಂದ ಮೆದುಳಿನ ಮೇಲೆ ಕಟ್ಟಿದ ರಕ್ತ ಕಂಡರೆ, ಅದನ್ನು ಹೊರತೆಗೆದು ರೋಗಿಯನ್ನು ಮೊದಲಿನಂತೆ ಮಾಡಲು ಅನೇಕ ವೇಳೆ ಸಾಧ್ಯ. “ಅರಳು ಮರಳು” ಎಂದು ಮೂಲೆಯಲ್ಲಿ ಕೂರಿಸಿದ್ದರೆ ಇವು ಯಾವುವೂ ಗೊತ್ತಾಗುತ್ತಿರಲಿಲ್ಲ.

ಇದಕ್ಕೆಲ್ಲ ಬೆಂಗಳೂರಿಗೇ ಓಡಬೇಕೆ ಎಂದು ನೀವು ಕೇಳಬಹುದು. ಮೊದಲ ಹೆಜ್ಜೆಗೆ ಬೇಕಾಗಿಲ್ಲ. ಮನಸ್ಸಿನ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರಕ್ಕೆ ತರಬಹುದೆಂಬುದನ್ನು ನಿಮ್ಹಾನ್ಸ್ ಸಂಸ್ಥೆ ತೋರಿಸಿಕೊಟ್ಟದ್ದು 1980ರ ದಶಕದಲ್ಲಿ ರಾಯಚೂರಿನ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿಯೇ. ಆ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಮೊದಲಾಯಿತು. ರಾಯಚೂರಿನಲ್ಲಿಯೇ ಸರ್ಕಾರಿ ವೈದ್ಯಕೀಯ ಕಾಲೇಜು ಮತ್ತು ಅದರ ಆಸ್ಪತ್ರೆ ಇವೆ.

ವೈದ್ಯರ ಬಳಿಗೆ ಹೋಗುವ ಮೊದಲು ನೀವು ಮನೆಯಲ್ಲಿ ಮಾಡಬಹುದಾದ ಕೆಲಸವೊಂದುಂಟು. ಒಂದು ಕಾಗದದ ಮೇಲೆ ಐದು ಸಂಗತಿಗಳನ್ನು ಬರೆದಿಟ್ಟುಕೊಳ್ಳಿ. ಮರೆವು ಯಾವಾಗ ಮೊದಲಾಯಿತು—ಥಟ್ಟನೆಯೋ, ಮೆಲ್ಲನೆಯೋ? ದಿನದಿಂದ ದಿನಕ್ಕೆ ಹೆಚ್ಚುತ್ತಿದೆಯೋ, ಹಾಗೆಯೇ ಇದೆಯೋ? ಹಣ ಎಣಿಸುವುದು, ಅಡಿಗೆ ಮಾಡುವುದು, ತಿಳಿದ ದಾರಿಯಲ್ಲಿ ಮನೆಗೆ ಮರಳುವುದು—ಇವುಗಳಲ್ಲಿ ಯಾವುದು ಕೆಟ್ಟಿದೆ? ಇತ್ತೀಚೆಗೆ ಬಿದ್ದದ್ದು, ಜ್ವರ, ಮೂರ್ಛೆ, ಕುಡಿತ ಉಂಟೆ? ಯಾವ ಯಾವ ಮಾತ್ರೆ ನುಂಗುತ್ತಿದ್ದಾರೆ? ಮಾತ್ರೆಗಳ ಹಾಳೆಗಳನ್ನೇ ಜೊತೆಗೆ ಒಯ್ದರೆ ಇನ್ನೂ ಒಳಿತು. ಇವುಗಳಿಂದ ವೈದ್ಯರ ಅರ್ಧ ಕೆಲಸ ಹಗುರವಾಗುತ್ತದೆ.

ಕೊನೆಗೊಂದು ಮಾತು. ಮರೆವಿರುವ ಹಿರಿಯರಿಂದ ಹೊಲಮನೆಯ ಕಾಗದಕ್ಕೆ ಆತುರದಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳುವವರೂ ನಮ್ಮ ನಡುವೆ ಇದ್ದಾರೆ. ಅವರಿಗೆ ತಿಳಿವಳಿಕೆ ಎಷ್ಟಿದೆಯೆಂದು ವೈದ್ಯರು ಪರೀಕ್ಷಿಸಿ ಬರೆದುಕೊಟ್ಟ ಚೀಟಿ ಅಂಥ ಸಮಯದಲ್ಲಿ ಅವರನ್ನು ಕಾಪಾಡೀತು. ನಾವು ನಡೆಯಲು, ನುಡಿಯಲು, ಎಣಿಸಲು ಕಲಿತದ್ದು ಅವರಿಂದ. ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದಾಗ ಹತ್ತು ಸಲವೂ ಅವರು ನಮಗೆ ಉತ್ತರ ಕೊಟ್ಟರು. ಈಗ ಅವರು ಕೇಳುವ ಸರದಿ. ಉತ್ತರ ಕೊಡೋಣ, ಜೊತೆಗೆ, ಅವರು ಏಕೆ ಮತ್ತೆ ಮತ್ತೆ ಕೇಳುತ್ತಿದ್ದಾರೆಂಬುದನ್ನು ಬಲ್ಲವರಿಂದ ತಿಳಿದುಕೊಳ್ಳೋಣ.